ಅಳೆದೂ ಸುರಿದೂ

ಬಾಯ್ಲರ್ ಕೋಣೆಯ ಪಕ್ಕದ್ದು ನನ್ನ ಕೋಣೆ.
ಗೋಡೆಗೆ ಹನ್ನೊಂದು ಕಾಲೇಜಿನ ಬಾವುಟ;
ಅದರಲ್ಲಿ ಎಂಟಕ್ಕೆ, ಮೇಯ್ನ್ ಕರಾವಳಿಯ ಈ ಬಂದರಿನಿಂದ,
ಇದುವರೆಗೆ ಒಬ್ಬರೂ ಹೋಗಿಲ್ಲ.
ಬಣ್ಣ ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದೇನೆ.

ಅಕ್ಟೋಬರ್ ಬಂತೆಂದರೆ ಮಕ್ಕಳು ಬರುತ್ತಾರೆ,
ಊಟದ ಬಿಡುವಿನಲ್ಲಿ, ಕೈಯಲ್ಲಿ ಅರ್ಧ ಸ್ಯಾಂಡ್‌ವಿಚ್.
ಎಲಾಯ್ ಮಿಶೋಗೆ ಡೀಸೆಲ್ ಎಂಜಿನ್ ಬಿಟ್ಟರೆ ಬೇರೆ ದೇವರಿಲ್ಲ,
ಅವನಜ್ಜಿಗೆ ಮೊಮ್ಮಗ ದಂತವೈದ್ಯನಾಗಬೇಕು.
ನಡುವೆ ನಾನು, ಯಾರಿಗೂ
ಕಡ್ಡಿ ಮುರಿದ ಹಾಗೆ ಹೇಳಲು ಬಾರದವಳು.

ಟ್ಯಾಮ್ಸಿನ್ ಫೆರ್ನಾಲ್ಡ್‌ಗೆ ಹ್ಯಾಲೊವೇ ಬೇಕಿತ್ತು:
ವರ್ಮಾಂಟಿನ ಬೆಟ್ಟದ ಮೇಲೆ, ಕಡಲು ಕಾಣದ ಕಡೆ.
"ಆರುನೂರೈವತ್ತು ಪದದಲ್ಲಿ ನಾನು ಯಾರು ಅಂತ
ಅವರಿಗೆ ಯಾಕೆ ಬೇಕು? ನನಗೇ ಗೊತ್ತಿಲ್ಲ."
ನಾನು, ಇಪ್ಪತ್ತೆರಡು ವರ್ಷದ ರೂಢಿಯಲ್ಲಿ,
ನೋವಾದದ್ದು ಯಾವುದಾದರೂ ಬರಿ ಎಂದೆ.
ಅಮ್ಮ ಬಿಟ್ಟುಹೋದದ್ದು ಬರಿ ಎಂದೆ.
ಹೇಳಿದ ಮೇಲೆ ಬಾಯ್ಲರ್ ಒಂದು ಸಲ ಕೆಮ್ಮಿತು.
ಅವಳು ಸ್ಯಾಂಡ್‌ವಿಚ್ಚಿನ ಕಾಗದ ಮಡಚಿದಳು, ಇನ್ನೂ ಮಡಚಿದಳು,
"ಅದು ನನ್ನದು" ಎಂದಳು.

ಸೋಮವಾರ ತಂದಳು. ಅಮ್ಮ ಇರಲಿಲ್ಲ ಅದರಲ್ಲಿ.
ಹಿತ್ತಾಳೆಯ ಅಳತೆಪಟ್ಟಿ ಇತ್ತು.
ಬಲೆಗೂಡು ಮೇಲೆ ಬಂದಾಗ ಅಪ್ಪ ಲಾಬ್‌ಸ್ಟರ್ ಹಿಡಿಯುತ್ತಾನೆ,
ಅವಳು ಅಳೆಯುತ್ತಾಳೆ:
ಕಣ್ಣಿನ ಗುಳಿಯಿಂದ ಬೆನ್ನಚಿಪ್ಪಿನ ಅಂಚಿನ ತನಕ.
ಮೂರೂಕಾಲು ಅಂಗುಲಕ್ಕೆ ಕೂದಲೆಳೆ ಕಡಿಮೆಯೋ, ಕಡಲಿಗೆ.
ಐದಕ್ಕಿಂತ ಹೆಚ್ಚೋ, ಕಡಲಿಗೆ.
ಹೊಟ್ಟೆಯಡಿ ಮೊಟ್ಟೆ ಹೊತ್ತವಳೋ,
ಬಾಲಕ್ಕೊಂದು ಕಚ್ಚು ಹಾಕಿ ಕಡಲಿಗೆ.
ಮುಂದೆ ಯಾರ ಗೂಡಿಗೆ ಸಿಕ್ಕರೂ
ಆ ಕಚ್ಚು ನೋಡಿ ಬಿಟ್ಟುಬಿಡಬೇಕು.

ಅಮ್ಮ ಇದ್ದಳೇನೋ. ನಾನು ಕೇಳಲಿಲ್ಲ.
ಒಂದು ಅಲ್ಪವಿರಾಮ ತಿದ್ದಿದೆ, ಅಷ್ಟೇ.

ಇನ್ನು ಹಣದ ಫಾರಂ.
ರಾಯ್ಸ್ ಫೆರ್ನಾಲ್ಡ್ ತನ್ನ ದುಡಿಮೆಯ ಲೆಕ್ಕ
ಹೆಂಡತಿಗೇ ಹೇಳಿದವನಲ್ಲ, ಕಂಡವರಿಗೆ ಹೇಳುತ್ತಾನೆಯೇ?
ಫೋನ್ ಎತ್ತಲಿಲ್ಲ. ಪತ್ರಕ್ಕೆ ಉತ್ತರವಿಲ್ಲ.
ನವೆಂಬರಿನ ಬೆಳಗಿನ ಜಾವ ನಾಲ್ಕೂವರೆಗೆ
ಧಕ್ಕೆಗೆ ನಾನೇ ಹೋದೆ, ಕ್ಲಿಪ್‌ಬೋರ್ಡ್ ಎದೆಗವಚಿ.
ಹಲಗೆಯ ಮೇಲೆ ಮಂಜುಗಡ್ಡೆ, ಹೆರಿಂಗ್ ಕೊಳೆತ ನಾತ.
ಬಹಳ ಹೊತ್ತು ಕೈಗವಸು ತೆಗೆಯಲಿಲ್ಲ ಅವನು.
"ಇದನ್ನ ಓದಿದ ಮೇಲೆ ನನ್ನ ಮಗಳನ್ನ
ಹೆಚ್ಚು ಅಂತಾರೋ, ಕಡಿಮೆ ಅಂತಾರೋ?"
ಕಡಿಮೆ ಅನ್ನುವುದಿಲ್ಲ ಎಂದೆ.
ಒಂದೊಂದೇ ಅಂಕಿ ಬರೆದ, ಗಂಟು ಹಾಕುವವನ ಹಾಗೆ,
ಪ್ರತಿಯೊಂದನ್ನೂ ಎಳೆದು ನೋಡಿ.
ಆ ಹಾಳೆ ಹಾಯ್ದ ಸ್ಕ್ಯಾನರ್ ವಾರವಿಡೀ ಮೀನು ನಾರಿತು.

ಮಾರ್ಚ್ ಕೊನೆಗೆ ಉತ್ತರ:
ಹೌದೂ ಅಲ್ಲ, ಇಲ್ಲವೂ ಅಲ್ಲ, ಕಾಯುವ ಪಟ್ಟಿ.
ಟ್ಯಾಮ್ಸಿನ್ ಓದಿ ನಕ್ಕಳು.
"ಇದಕ್ಕೆ ನಮ್ಮ ಪಟ್ಟಿಯಲ್ಲಿ ಗುರುತೇ ಇಲ್ಲ ಮಿಸ್.
ಕೈಯಲ್ಲೇ ಹಿಡ್ಕೊಂಡು ನಿಲ್ಲೋದಾ?
ಬಿಸಿಲಿಗೆ ಸತ್ತೇ ಹೋಗುತ್ತೆ ಅದು."

ಮೇ ಹೋಯಿತು. ಜೂನ್ ಹೋಯಿತು.
ಓರೊನೊದ ರಾಜ್ಯ ಕಾಲೇಜು, ಎರಡು ಗಂಟೆ ದಾರಿ,
ಅಲ್ಲಿ ಹೆಸರು ಬರೆಸಿದಳು.
ನನ್ನ ವರದಿಯಲ್ಲಿ ಅದು ಯಶಸ್ಸಿನ ಕಾಲಂ.

ಆಗಸ್ಟಿನಲ್ಲಿ ರಾಯ್ಸ್ ಬಂದ. ಓದು ಬಿಟ್ಟ ಮೇಲೆ
ಈ ಸ್ಕೂಲಿನ ಹೊಸಿಲು ತುಳಿದದ್ದು ಅಂದೇ ಅಂತೆ.
ಟೋಪಿ ಕೈಯಲ್ಲಿ. ಬಾವುಟಗಳನ್ನೆಲ್ಲ ಓದಿದ,
ಹಸಿರಿನದೊಂದರ ಮುಂದೆ ನಿಂತ.
"ಅವತ್ತು ನಾನು ಬರೆದ ಅಂಕಿ," ಎಂದ.
"ಅದರಿಂದ ಆಯ್ತಾ?"

ಮಾತೇ ನನ್ನ ಕಸುಬು.
ಅಲ್ಲ ಎಂದೆ, ತಡೆಯದೆ ಎಂದೆ.
ಆ ಬೆಟ್ಟದ ಮೇಲಿನವರು ಯಾವುದನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೋ
ಇಪ್ಪತ್ತೆರಡು ವರ್ಷದಲ್ಲಿ ನನಗೆ ಯಾರೂ ಹೇಳಿಲ್ಲ.
ತಲೆಯಾಡಿಸಿದ, ನಂಬಿದನೋ ಏನೋ,
ಒದ್ದೆ ಚೀಲವೊಂದನ್ನು ಮೇಜಿನ ಮೇಲಿಟ್ಟು ಹೋದ.

ಒಳಗೆ ಎರಡು, ಜೀವಂತ,
ಕಾಯಿದೆಗೆ ಸರಿಯಾದ ಅಳತೆಯವು.
ಇಡೀ ಮಧ್ಯಾಹ್ನ
ಹೊಸ ಮಕ್ಕಳ ಫೈಲುಗಳ ಪಕ್ಕದಲ್ಲಿ
ಪರಪರ ಕೆರೆಯುತ್ತಲೇ ಇದ್ದವು.